ಬಿಳಿ ನೊಣದ ಮನಸ್ಸು

ಗುಡಿಬಂಡೆ
ಮಡಕಶಿರಾ ಸೀಮೆ
9 ಜೂನ್ 2024

ಚಿ. ಅಂಜನಾಳಿಗೆ ಸೋದರಮಾವ ಸಣ್ಣಬಸಪ್ಪನ ಆಶೀರ್ವಾದಗಳು.

ಫೋನು ಮಾಡಬೇಡ ಮಗಳೆ. ನನ್ನ ಬಲಗಿವಿ ಪೂರಾ ಹೋಯಿತು, ಎಡಗಿವಿ ಹೋಗುವ ದಾರಿಯಲ್ಲಿದೆ. ಮೊನ್ನೆ ನೀನು ಮಾತಾಡಿದ್ದು ನನಗೆ ಬಾವಿಯೊಳಗೆ ಕಪ್ಪೆ ಕೂಗಿದ ಹಾಗೆ ಕೇಳಿಸಿತು. ಎಲ್ಲದಕ್ಕೂ ಹೂಂ ಅಂದೆ. ಏನೇನಕ್ಕೆ ಒಪ್ಪಿಕೊಂಡೆನೋ ಆ ಶಿವನಿಗೇ ಗೊತ್ತು. ಇನ್ನು ಮೇಲೆ ಪತ್ರ ಬರಿ. ನಮ್ಮೂರ ಅಂಚೆಯವನಿಗೂ ಸ್ವಲ್ಪ ಕೆಲಸ ಸಿಗಲಿ.

ನೀನು ರಾಯದುರ್ಗದಲ್ಲಿ ಬಲೆ ಕಟ್ಟಿ ಸಸಿ ನರ್ಸರಿ ಇಟ್ಟೆ ಅಂತ ಕೇಳಿ ಊರಿಗೆಲ್ಲ ಹೇಳಿಕೊಂಡು ಬಂದೆ. ಕೃಷಿ ಡಿಪ್ಲೊಮಾ ನಿನಗೆ ಕಾಲೇಜು ಕೊಟ್ಟಿರಬಹುದು. ಕೈಗುಣ ಮಾತ್ರ ಮಾವನದು, ಅದನ್ನು ಮರೆಯಬೇಡ. ಈ ಸಲ ನನ್ನ ಒಂದೂವರೆ ಎಕರೆ ಟೊಮ್ಯಾಟೊ ನೋಡಲು ಅಗಳಿಯಿಂದ ಜನ ಆಟೋ ಮಾಡಿಕೊಂಡು ಬರುತ್ತಿದ್ದಾರೆ. ಮಡಕಶಿರಾದಲ್ಲಿ ರೈತರ ಸಭೆಯಲ್ಲಿ ಹೊದಿಸಿದರಲ್ಲ, ಆ ಹಳದಿ ಶಾಲು ಹೊದ್ದು ಬದುವಿನ ಮೇಲೆ ನಿಂತು ಎಲ್ಲರಿಗೂ ಬುದ್ಧಿ ಹೇಳುತ್ತೇನೆ. ಒಂದು ದಿನವೂ ಅದನ್ನು ಬಿಟ್ಟು ಹೊಲಕ್ಕೆ ಹೋಗಿಲ್ಲ.

ಒಂದು ಸಣ್ಣ ವಿಷಯ. ಬಡಗಣ ಮೂಲೆಯ ಹತ್ತು ಗಿಡಗಳ ಎಲೆ ಅಂಚಿನಲ್ಲಿ ಹಳದಿಯಾಗಿ, ಮೇಲಕ್ಕೆ ಮಡಿಸಿಕೊಂಡು ದೊನ್ನೆಯ ಹಾಗಾಗಿವೆ. ತಟ್ಟಿದರೆ ಬಿಳಿ ಹಿಟ್ಟು ಹಾರಿದಂತೆ ನೊಣ ಏಳುತ್ತವೆ. ಔಷಧಿ ಅಂಗಡಿಯವನು ತೆಲುಗಿನಲ್ಲಿ "ತೆಲ್ಲದೋಮ" ಅಂದ, ಬಿಳಿ ನೊಣವಂತೆ, ಮೂರು ಬಾಟಲಿ ಎತ್ತಿಟ್ಟ. ನಾನು ಕೊಳ್ಳಲಿಲ್ಲ. ಇದು ಪಕ್ಕದ ಹೊಲದ ಯರ್ರಪ್ಪನ ದೃಷ್ಟಿ. ಅವನು ಬದುವಿನಲ್ಲಿ ನಿಂತು ನನ್ನ ಗಿಡ ನೋಡುವ ರೀತಿ ನನಗೆ ಮೊದಲಿಂದ ಸರಿಬರುತ್ತಿಲ್ಲ. ಆದರೂ ನೀನು ಓದಿದವಳು, ಒಂದು ಮಾತು ಕೇಳಿಟ್ಟಿರೋಣ ಅಂತ.

ನಿನ್ನ ಮಾವ,
ಗುಡಿಬಂಡೆ ಸೀಮೆಗೆ ಒಬ್ಬನೇ ಸಣ್ಣಬಸಪ್ಪ

———

ರಾಯದುರ್ಗ
16 ಜೂನ್ 2024

ಪೂಜ್ಯ ಮಾವನವರಿಗೆ ಅಂಜನಾಳ ನಮಸ್ಕಾರಗಳು.

ಯರ್ರಪ್ಪನವರನ್ನು ಬಿಟ್ಟುಬಿಡಿ. ಅದು ದೃಷ್ಟಿಯಲ್ಲ, ಎಲೆ ಮುರುಟು ರೋಗ. ವೈರಸ್ಸಿನಿಂದ ಬರುತ್ತದೆ. ವೈರಸ್ಸಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಅದನ್ನು ಹೊತ್ತು ತಿರುಗುವುದು ನೀವು ಕಂಡ ಆ ಬಿಳಿ ನೊಣ.

ನಮ್ಮ ಮೇಡಂ ಕ್ಲಾಸಿನಲ್ಲಿ ಹೇಳಿದ ಒಂದು ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ರೋಗ ಹಿಡಿದ ಗಿಡದ ಬಣ್ಣ ಬದಲಾಗುತ್ತದೆ, ವಾಸನೆಯೂ ಬದಲಾಗುತ್ತದೆ. ಚೊಕ್ಕ ನೊಣಕ್ಕೆ ಆ ರೋಗದ ಗಿಡವೇ ಹೆಚ್ಚು ಇಷ್ಟ, ಹೋಗಿ ಕೂತು ರಸ ಹೀರುತ್ತದೆ. ವೈರಸ್ಸು ಅದರ ಹೊಟ್ಟೆಗಿಳಿದು, ಮೈಯೆಲ್ಲ ಸುತ್ತಿ, ಜೊಲ್ಲಿಗೆ ಬರುತ್ತದೆ. ಅಷ್ಟಾದ ಮೇಲೆ ನೊಣದ ಮನಸ್ಸು ತಿರುಗುತ್ತದೆ ಮಾವ. ಅದಕ್ಕೆ ರೋಗದ ಗಿಡ ಬೇಡ. ಆರೋಗ್ಯದ ಗಿಡವೇ ಬೇಕು. ತನಗೇ ಆಸೆಯಾಯಿತು ಅಂತ ಅದು ಹಾರುತ್ತದೆ. ಆಸೆ ಅದರದಲ್ಲ.

ಬೆಳಗಿನ ತಂಪಿನಲ್ಲಿ, ನೊಣ ಮಂಕಾಗಿರುವಾಗ ಆ ಹತ್ತು ಗಿಡಗಳಿಗೆ ಪ್ಲಾಸ್ಟಿಕ್ ಚೀಲ ಕವುಚಿ, ಬಾಯಿ ಕಟ್ಟಿ, ಆಮೇಲೆ ಕೀಳಿರಿ. ಅಲ್ಲೇ ಹೂಳಿರಿ. ಕಿತ್ತ ಗಿಡ ಹೊಲ ದಾಟಬಾರದು.

ಇಲ್ಲಿ ನಾನು ಎಂಟುನೂರು ಟ್ರೇ ಇಟ್ಟಿದ್ದೇನೆ, ಟೊಮ್ಯಾಟೊ ಮತ್ತು ಮೆಣಸಿನ ಸಸಿ. ಹದಿನೆಂಟು ಹಳ್ಳಿಯವರು ಹೇಳಿಟ್ಟಿದ್ದಾರೆ. ಜುಲೈ ಇಪ್ಪತ್ತಕ್ಕೆ ಮೊದಲ ಗಾಡಿ ಹೊರಡಬೇಕು. ಅಪ್ಪನ ವಿಷಯ ನಿಮಗೆ ಗೊತ್ತಲ್ಲ. "ಒಂದು ವರ್ಷ ಕೊಟ್ಟೀನಿ. ನಿನ್ನ ಸಸಿ ಹೆಸರು ಕೆಡಿಸಿಕೊಂಡ್ರ ಬಲೆ ಬಿಚ್ಚಿ, ನಮ್ಮ ಪ್ಯಾಂಟ್ ಹೊಲಿಯೋ ಶೆಡ್ಡಿಗೆ ಬಂದು ಗುಂಡಿ ಹಚ್ಚಬೇಕು, ಆತಿಲ್ಲೋ?" ಅಂದಿದ್ದಾರೆ. ನಾನು ಆತ್ರಿ ಅಂದಿದ್ದೇನೆ.

ಇಂತಿ ನಿಮ್ಮ
ಅಂಜನಾ

———

ಗುಡಿಬಂಡೆ
27 ಜೂನ್ 2024

ಅಂಜೂ,

ನೀನು ಹೇಳಿದಂತೆಯೇ ಮಾಡಿದೆ, ಒಂದು ಬಿಟ್ಟು. ಹೂಳಲಿಲ್ಲ. ಅನ್ನ ಕೊಟ್ಟ ಹಸಿರನ್ನು ಮಣ್ಣು ಮಾಡಬಾರದು ಅಂತ ನಮ್ಮಪ್ಪ ಹೇಳುತ್ತಿದ್ದ. ಹಸಿರು ದನ ಕುರಿಯ ಬಾಯಿಗೆ ಹೋಗಬೇಕು. ಚೀಲ ಹುಡುಕುತ್ತ ಕೂತರೆ ಬಿಸಿಲೇರುತ್ತಿತ್ತು. ಹತ್ತು ಗಿಡ ಅಷ್ಟರಲ್ಲಿ ಎಪ್ಪತ್ತಾಗಿದ್ದವು. ಕಿತ್ತು, ಹೊರೆ ಕಟ್ಟಿ, ತಲೆ ಮೇಲಿಟ್ಟುಕೊಂಡು ಊರ ನಡುವಿನಿಂದ ದುರುಗಕ್ಕನ ಕುರಿಹಟ್ಟಿಗೆ ನಡೆದೆ. ದಾರಿಯಲ್ಲಿ ನಾಲ್ಕು ತೋಟ. ನಾಲ್ಕರ ಬದುವಿನಲ್ಲೂ ಹೊರೆ ಇಳಿಸಿ, ರೋಗದ ಎಲೆ ಹೇಗಿರುತ್ತದೆ ಅಂತ ಎಲ್ಲರಿಗೂ ತೋರಿಸಿದೆ. ಜನಕ್ಕೆ ತಿಳಿವಳಿಕೆ ಬರಲಿ ಅಂತ. ಕುರಿಗಳೋ, ಮೂಸಿ ನೋಡಿ ಮುಖ ತಿರುಗಿಸಿದವು.

"ನಿನ್ನ ಗಿಡನ ನನ್ ಕುರೀನೂ ಮೂಸಲ್ಲ ಕಣಣ್ಣ, ಅದೇನ್ ಸನ್ಮಾನ ಮಾಡುದ್ರೋ ನಿಂಗೆ!" ಅಂದಳು ದುರುಗಕ್ಕ.

ಈಗ ಯರ್ರಪ್ಪನ ಹೊಲಕ್ಕೂ ಬಂದಿದೆ. ದೃಷ್ಟಿ ಹಾಕಿದವನಿಗೆ ದೃಷ್ಟಿ ತಿರುಗಿತು ಅಂತ ಒಂದು ದಿನ ನಕ್ಕೆ. ಆಮೇಲೆ ದಾರಿಯ ನಾಲ್ಕು ತೋಟದಲ್ಲೂ ಗಿಡ ತಟ್ಟಿದರೆ ಬಿಳಿ ನೊಣ ಏಳತೊಡಗಿದವು. ನಗು ನಿಲ್ಲಿಸಿದೆ.

ನೀನು ಬರೆದ ನೊಣದ ಮನಸ್ಸಿನ ಕಥೆ ನಾನು ನಂಬಿರಲಿಲ್ಲ. ಪುಸ್ತಕದವರು ಬಾಯಿಗೆ ಬಂದದ್ದು ಬರೆಯುತ್ತಾರೆ. ಅದಕ್ಕೇ ಪರೀಕ್ಷೆ ಇಟ್ಟೆ. ನಿಮ್ಮತ್ತೆಯ ಸೊಳ್ಳೆಪರದೆ ಬಿಚ್ಚಿ ಹಿತ್ತಲಲ್ಲಿ ಕಟ್ಟಿದೆ. "ನೊಣಕ್ಕೆ ಪರದೆ ಕಟ್ಟಿ ನಮ್ಮನ್ನ ಸೊಳ್ಳೆಗೆ ಬಿಟ್ರಾ?" ಅಂತ ಅವಳು ಕೂಗಿದ್ದು ಈ ಕಿವಿಗೂ ಕೇಳಿಸಿತು. ಒಳಗೆ ಎರಡು ಕುಂಡ. ಒಂದರಲ್ಲಿ ರೋಗದ ಗಿಡ, ಒಂದರಲ್ಲಿ ಚೊಕ್ಕ ಗಿಡ. ಮನೆ ಹಿಂದಿನ, ರೋಗ ಮುಟ್ಟದ ಬೆಂಡೆಗಿಡದಿಂದ ನೊಣ ಕೊಡವಿ ಬಿಟ್ಟೆ. ಮರುದಿನ ಮಧ್ಯಾಹ್ನ ನೋಡಿದರೆ ಮುಕ್ಕಾಲು ಪಾಲು ಹಳದಿ ಗಿಡದ ಮೇಲೆ. ಸರಿ, ಅವನ್ನು ತೆಗೆದು, ಹೊಲದ ರೋಗದ ಗಿಡದಲ್ಲಿ ಬೆಳೆದ ನೊಣ ತಂದು ಬಿಟ್ಟೆ. ಅವು ಹಳದಿ ಗಿಡದ ಕಡೆ ತಿರುಗಿ ನೋಡಲಿಲ್ಲ ಅಂಜೂ. ಹೋಗಿ ಹಸಿರಿನ ಮೇಲೆ ಕೂತವು. ಒಳಗೆ ಯಾರೋ ಲಗಾಮು ಹಿಡಿದು ಕೂತ ಹಾಗೆ. ಮೂರು ಸಲ ಮಾಡಿದೆ. ಮೂರು ಸಲವೂ ಹಾಗೇ.

ಇಂಥ ಪರೀಕ್ಷೆ ನಿಮ್ಮ ಕಾಲೇಜಿನಲ್ಲಿ ಲಕ್ಷ ಸುರಿದು ಮಾಡುತ್ತಾರೆ. ನಾನು ಸೊಳ್ಳೆಪರದೆಯಲ್ಲಿ ಮಾಡಿದೆ. ನಿಮ್ಮ ಮೇಡಮ್ಮಿಗೆ ತಿಳಿಸು. ಆದರೆ ಮಾಡಿದ್ದಕ್ಕೆ ಖುಷಿಯಾಗಲಿಲ್ಲ.

ನಿನ್ನ ಮಾವ,
ವಿಜ್ಞಾನಿ ಸಣ್ಣಬಸಪ್ಪ

———

ರಾಯದುರ್ಗ
5 ಜುಲೈ 2024

ಮಾವ,

ಪರೀಕ್ಷೆ ಓದಿ ನನಗೆ ಹೆಮ್ಮೆಯಾಯಿತು. ಹೊರೆಯ ವಿಷಯ ಓದಿ ಎದ್ದು ಹೋಗಿ ನನ್ನ ಬಲೆಯನ್ನು ಒಂದು ಸುತ್ತು ತಡವಿ ನೋಡಿ ಬಂದೆ. ಆ ನಾಲ್ಕು ತೋಟಕ್ಕೆ ರೋಗ ನಡೆದುಕೊಂಡು ಹೋದದ್ದು ನಿಮ್ಮ ತಲೆಯ ಮೇಲೆ. ಹೀಗೆ ಬರೆದದ್ದಕ್ಕೆ ಬೇಸರ ಮಾಡಬೇಡಿರಿ.

ಇನ್ನೊಂದು. ಬಿಳಿ ನೊಣಕ್ಕೆ ಎಲ್ಲಕ್ಕಿಂತ ಪ್ರಿಯವಾದ ಬಣ್ಣ ಹಳದಿ. ಅದಕ್ಕೇ ಹೊಲದಲ್ಲಿ ಅಂಟು ಬಳಿದ ಹಳದಿ ಹಾಳೆ ಕಟ್ಟುವುದು. ನಿಮ್ಮ ಸನ್ಮಾನದ ಶಾಲಿನ ಬಣ್ಣ ನನಗೆ ನೆನಪಿದೆ. ಅದನ್ನು ಹೊದ್ದು ದಿನಾ ಹೊಲದಿಂದ ಹೊಲಕ್ಕೆ ಹೋಗುತ್ತಿದ್ದೀರಿ. ಬಿಸಿನೀರಿನಲ್ಲಿ ಅದ್ದಿ ಪೆಟ್ಟಿಗೆಯಲ್ಲಿಡಿರಿ.

ರೋಗ ತಗುಲಿದ ಗಿಡ ಎರಡು ಮೂರು ವಾರ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಹೊಲದ ಅತ್ಯಂತ ಚೆಂದದ ಗಿಡದೊಳಗೂ ಅದು ಈಗ ಇರಬಹುದು. ಕಣ್ಣನ್ನು ನಂಬಬೇಡಿರಿ.

ಕೊನೆಯದು, ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ. ಈ ಹಂಗಾಮು ಮುಗಿಯುವತನಕ ರಾಯದುರ್ಗಕ್ಕೆ ಬರಬೇಡಿರಿ. ನನ್ನ ನರ್ಸರಿಗೆ ಎರಡು ಬಾಗಿಲು, ಸಣ್ಣ ಕಣ್ಣಿನ ಬಲೆ. ಒಂದು ಮುಚ್ಚದೆ ಇನ್ನೊಂದು ತೆಗೆಯುವುದಿಲ್ಲ. ಆದರೂ ಬಲೆಗಿಂತ ಭಯವೇ ನನ್ನನ್ನು ಕಾಯುತ್ತಿರುವುದು.

ಅಂಜನಾ

———

ಗುಡಿಬಂಡೆ
13 ಜುಲೈ 2024

ಅಂಜನಾ,

ಬರಬೇಡ ಅನ್ನುವ ಮಾತು ನನಗೆ ಹೇಳಿದವರು ಈ ಜನ್ಮದಲ್ಲಿ ಇಬ್ಬರೇ. ಮೊದಲನೆಯವರು ಹೆಡ್‌ಮಾಸ್ತರು, ಏಳನೇ ಕ್ಲಾಸಿನಲ್ಲಿ. ಎರಡನೆಯವಳು ನೀನು.

ಸಿಟ್ಟು ಮಾಡಿಲ್ಲ. ಆದರೆ ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಮನೆಮಗಳು ಹೊಸ ಕೆಲಸ ಹಿಡಿದರೆ ತವರಿನ ಹೊಲದಿಂದ ಬೇರು, ಮಣ್ಣು ಸಮೇತ ಮೂರು ಗಿಡ ಒಯ್ದು ಅವಳ ಬಾಗಿಲಲ್ಲಿ ಇಟ್ಟು ಬರಬೇಕು. ನಿಮ್ಮವ್ವ ರಾಯದುರ್ಗದಲ್ಲಿ ಮೊದಲ ಒಲೆ ಹಚ್ಚಿದಾಗ ನಮ್ಮಪ್ಪ ಮೂರು ಬದನೆಗಿಡ ಹೊತ್ತು ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದ. ನಿನಗೆ ಯಾರೂ ಇಡಲಿಲ್ಲ ಅಂತಾದರೆ ಜನ ಸಣ್ಣಬಸಪ್ಪ ಸತ್ತ ಅಂದುಕೊಳ್ಳುತ್ತಾರೆ.

ಇಲ್ಲಿ ನನ್ನ ಹೊಲ ಪೂರಾ ಹಳದಿ. ಎಂಟು ದಿನದಿಂದ ಅದರಲ್ಲಿ ಕಾಲು ನಿಲ್ಲುತ್ತಿಲ್ಲ. ಬೆಳಗ್ಗೆ ಎದ್ದರೆ ಎಲ್ಲಿ ಹಸಿರಿದೆಯೋ ಅಲ್ಲಿಗೆ ಹೋಗಿ ಕೂರಬೇಕು ಅನ್ನಿಸುತ್ತದೆ. ಮೊನ್ನೆ ಹೇಮಾವತಿ ಊರಿನ ದಾರಿಯಲ್ಲಿ ಯಾರದ್ದೋ ಚೊಕ್ಕ ತೋಟ ಕಂಡು ಬಸ್ಸಿನಿಂದ ಇಳಿದುಬಿಟ್ಟೆ. ಅರ್ಧ ದಿನ ಅಲ್ಲೇ ಕೂತಿದ್ದೆ, ಎಲೆ ಸವರುತ್ತ. ಅವರು ಮಜ್ಜಿಗೆ ಕೊಟ್ಟರು. ಈಗ ನಿನ್ನ ಎಂಟುನೂರು ಟ್ರೇ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಸಲ ನೋಡಿದರೆ ಸಾಕು, ಜೀವಕ್ಕೆ ತಂಪಾಗುತ್ತದೆ.

ಮೂರು ಗಿಡ ಆರಿಸಿಟ್ಟಿದ್ದೇನೆ. ಒಂದೂ ಎಲೆ ಮಡಿಸಿಲ್ಲ. ಶಾಲು ಒಗೆದು ಬೇಲಿಯ ಮೇಲೆ ಹರವಿದ್ದೇನೆ. ಬುಧವಾರ ಹೊರಡುತ್ತೇನೆ.

ಸಣ್ಣಬಸಪ್ಪ, ತವರಿನ ಕಡೆಯವನು

———

ಗುಡಿಬಂಡೆ
20 ಜುಲೈ 2024

ಅಂಜೂ,

ಊರು ಸೇರಿದೆ. ನೀನು ಮನೆಯಲ್ಲಿ ಸಿಗಲಿಲ್ಲ, ಲೈಸೆನ್ಸಿನ ಕೆಲಸಕ್ಕೆ ಅನಂತಪುರಕ್ಕೆ ಹೋಗಿದ್ದೆಯಂತೆ. ಒಳ್ಳೆಯದೇ ಆಯಿತು, ಇದ್ದಿದ್ದರೆ ಬಾಗಿಲಲ್ಲೇ ಜಗಳವಾಗುತ್ತಿತ್ತು. ನಿಮ್ಮವ್ವನೇ ಕೀಲಿ ತಂದಳು. "ಅಂಜಿ ಬೈತಾಳೋ ತಮ್ಮಾ" ಅಂದಳು. "ತವರಿನ ಹಸಿರು ಹೊರಗೆ ನಿಲ್ಲಿಸ್ತೀಯೇನಕ್ಕ?" ಅಂದೆ. ಅಷ್ಟೇ ಸಾಕಾಯಿತು. ಎರಡೂ ಬಾಗಿಲು ತೆಗೆದಳು.

ಅಬ್ಬ, ಏನು ಹಸಿರು! ನೆಲದಿಂದ ಹಸಿರು ಉಕ್ಕಿದ ಹಾಗಿತ್ತು. ಒಂದು ಗಂಟೆ ಸಾಲು ಸಾಲಿನಲ್ಲಿ ಓಡಾಡಿದೆ. ಒಂದೊಂದು ಟ್ರೇಯ ಮೇಲೂ ಕೈಯಾಡಿಸಿ ಹರಸಿದೆ. ಮೂರು ಗಿಡ ಒಳಬಾಗಿಲ ಪಕ್ಕ ನೆಟ್ಟು, ನೀರು ಹಾಕಿ ಬಂದಿದ್ದೇನೆ. ಕೀಳಬೇಡ. ನನ್ನ ಮನಸ್ಸು ಈಗ ಹಗುರಾಗಿದೆ.

ಇವತ್ತು ನಿನ್ನ ಮೊದಲ ಗಾಡಿ ಹೊರಟಿರಬೇಕು.

ಮಾವ ಸಣ್ಣಬಸಪ್ಪ

———

ರಾಯದುರ್ಗ
9 ಆಗಸ್ಟ್ 2024

ಮಾವನವರಿಗೆ,

ಗಾಡಿ ಹೊರಡಲಿಲ್ಲ.

ನಿಮ್ಮ ಹದಿಮೂರನೇ ತಾರೀಖಿನ ಪತ್ರ ನಾನು ಅನಂತಪುರದಿಂದ ಬಂದ ಸಂಜೆ ಕೈಗೆ ಬಂತು. ಓಡಿದೆ. ಮೂರು ಗಿಡ ನೀರು ಕುಡಿದು ನಳನಳಿಸುತ್ತಿದ್ದವು. ತಟ್ಟಿದೆ. ಬಿಳಿ ಹಿಟ್ಟು ಎದ್ದಿತು, ತಿರುಗಿ ಅದೇ ಗಿಡದ ಮೇಲೆ ಕೂರಲಿಲ್ಲ. ನನ್ನ ಟ್ರೇಗಳ ಮೇಲೆ ಹೋಗಿ ಕೂತಿತು.

ಅವ್ವನನ್ನು ಬಯ್ಯಲಿಲ್ಲ. "ತಮ್ಮ ಹಸಿರು ಹೊತ್ಕೊಂಡು ಬಂದಾನ, ಹೆಂಗ ಬ್ಯಾಡನ್ಲಿ?" ಅಂತ ಆಕೆ ಇನ್ನೂ ಕೇಳುತ್ತಿದ್ದಾಳೆ.

ಇಪ್ಪತ್ತನೇ ತಾರೀಖು ರೈತರು ಬಂದರು. ಸಸಿ ಕೊಡುವುದಿಲ್ಲ ಅಂದೆ. ಚೆನ್ನಾಗಿರುವ ಸಸಿ ಇಟ್ಟುಕೊಂಡು ಇಲ್ಲ ಅನ್ನುತ್ತೀಯಲ್ಲ ಅಂತ ಒಬ್ಬರು ಗೇಟು ಒದ್ದರು. ಅಪ್ಪ ಬಂದು ನಿಂತು ಎಲ್ಲ ಕೇಳಿದರು. "ಹಸಿರಾಗಿ ಅದಾವಲ್ಲವಾ, ಯಾಕ ಕೊಡಂಗಿಲ್ಲ?" ಅಂದರು. ಇಪ್ಪತ್ತೊಂದು ದಿನ ಕೊಡಿರಿ ಅಂದೆ. ಹದಿನೈದನೇ ದಿನ ಒಳಬಾಗಿಲ ಪಕ್ಕದ ಮೂರು ಟ್ರೇಯಲ್ಲಿ ಎಲೆ ದೊನ್ನೆಯಾಯಿತು. ಹದಿನೇಳನೇ ದಿನ ಮೂವತ್ತು ಟ್ರೇ. ಆಮೇಲೆ ಎಣಿಸಲಿಲ್ಲ. ಎಲ್ಲವನ್ನೂ ಚೀಲಕ್ಕೆ ತುಂಬಿ ಹೂಳಿಸಿದೆ. ಗುಂಡಿ ಮುಚ್ಚುವವರೆಗೆ ಅಪ್ಪ ಅಲ್ಲೇ ನಿಂತಿದ್ದರು.

"ಹೊರಗ ಎಷ್ಟು ಹೋಗ್ಯಾವ?" ಅಂತ ಕೇಳಿದರು.

"ಒಂದೂ ಹೋಗಿಲ್ರಿ ಅಪ್ಪಾ. ಒಂದೇ ಒಂದು ಸಸಿ ಈ ಗೇಟು ದಾಟಿಲ್ಲ."

ಗುಂಡಿಯ ಮೇಲಿನ ಮಣ್ಣು ತುಳಿದು ಗಟ್ಟಿ ಮಾಡಿದರು. "ಹಂಗಿದ್ರ ನಿನ್ನ ಹೆಸರು ಕೆಟ್ಟಿಲ್ಲ. ಇನ್ನೊಂದು ಸಲ ಬೀಜ ಹಾಕು" ಅಂದರು. ಸೋಮವಾರ ಹಾಕುತ್ತಿದ್ದೇನೆ. ಆ ಒಂದು ಮಾತಿನ ಮೇಲೆ ನಾನೀಗ ನಿಂತಿದ್ದೇನೆ ಮಾವ.

ನೀವು ನನಗೆ ಕೆಟ್ಟದ್ದು ಬಯಸಲಿಲ್ಲ ಅಂತ ಗೊತ್ತು. ಆ ನೊಣವೂ ಬಯಸಿರಲಿಲ್ಲ.

ಅಂಜನಾ

———

ಗುಡಿಬಂಡೆ
18 ಆಗಸ್ಟ್ 2024, ಭಾನುವಾರ

ಅಂಜನಾ,

ಯರ್ರಪ್ಪನ ಕೈಯಲ್ಲಿ ನಿನಗೆ ಫೋನು ಮಾಡಿಸಿದೆ, ಗೇಟಿಗೆ ಬೀಗ ಹಾಕಿಕೋ, ಯಾರು ಬಂದರೂ ತೆಗೆಯಬೇಡ ಅಂತ. ಕಾರಣ ಹೇಳಿಸಲಿಲ್ಲ. ಅದನ್ನು ನಾನೇ ಬರೆಯಬೇಕು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. 'ಒಂದೇ ಒಂದು ಸಸಿ' ಅನ್ನುವ ಸಾಲನ್ನು ಮೂರು ಸಲ ಓದಿದೆ. ಆವತ್ತು ನಾನು ಬರಿಗೈಯಲ್ಲಿ ಹಿಂದಿರುಗಲಿಲ್ಲ. ಟೊಮ್ಯಾಟೊ ಸಸಿಯ ಎರಡು ಟ್ರೇ ತಂದೆ. ನಿಮ್ಮವ್ವ ನೀರಿನ ಕೊಡ ತರಲು ಹೋಗಿದ್ದಾಗ ಎತ್ತಿ ಚೀಲದಲ್ಲಿಟ್ಟುಕೊಂಡೆ. ಎಂಟುನೂರರಲ್ಲಿ ಎರಡು ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಬಸ್ಸಿನಲ್ಲಿ ಮಡಿಲಲ್ಲಿಟ್ಟು, ಗಾಳಿ ತಾಗದಂತೆ ಶಾಲು ಮುಚ್ಚಿ ತಂದೆ. ನಿನ್ನ ಹೆಸರು ಈ ಸೀಮೆಯಲ್ಲಿ ಹಬ್ಬಲಿ ಅಂತ ಮಡಕಶಿರಾ ಬಸ್‌ಸ್ಟಾಂಡಿನಲ್ಲಿ ಕೂತು ಇಪ್ಪತ್ತಿಪ್ಪತ್ತರ ಕಟ್ಟು ಮಾಡಿದೆ. ಪ್ರತಿ ಕಟ್ಟಿಗೂ 'ಅಂಜನಾ ನರ್ಸರಿ, ರಾಯದುರ್ಗ' ಅಂತ ನನ್ನ ಕೈಯಾರೆ ಚೀಟಿ ಬರೆದು ದಾರ ಕಟ್ಟಿದೆ. ಅಗಳಿಯ ನರಸಕ್ಕನಿಗೆ ಮೂರು ಕಟ್ಟು, ಹೇಮಾವತಿಯ ಗೋವರ್ಧನನಿಗೆ ನಾಲ್ಕು. ಉಳಿದದ್ದನ್ನು ಇಲ್ಲೇ ಹಂಚಿದೆ. ಎಲ್ಲರೂ ಹೊಗಳಿದರು. ಆ ಹೊಗಳಿಕೆ ನಿನಗೆ ಬರೆಯಬೇಕು ಅಂತಿದ್ದೆ. ಕದ್ದದ್ದನ್ನೂ ಬರೆಯಬೇಕಾಗುತ್ತದಲ್ಲ ಅಂತ ಸುಮ್ಮನಾದೆ.

ನಿನ್ನ ಪತ್ರ ಓದಿದ ದಿನವೇ ನಮ್ಮೂರಲ್ಲಿ ಹಂಚಿದ್ದ ಸಸಿಗಳನ್ನು ಕಿತ್ತೆ, ಚೀಲ ಕವುಚಿ, ನೀನು ಹೇಳಿದ ಹಾಗೆಯೇ. ಮರುದಿನ ಬಿಳಿ ಅಂಗಿ ಹಾಕಿಕೊಂಡು ಅಗಳಿಗೆ ಹೋದೆ. ನರಸಕ್ಕನ ಹೊಲದಲ್ಲಿ ಗಿಡ ಮೊಣಕಾಲೆತ್ತರ ಇದ್ದವು.

"ಯಾಕಣ್ಣ ಕೀಳ್ಬೇಕು? ಹೂವಾಗೈತೆ, ಕಣ್ಣು ಕಾಣಲ್ವಾ?"

"ಒಳಗೆ ರೋಗ ಐತೆ ಕಣವ್ವ."

"ಎಲ್ಲೈತೆ, ತೋರ್ಸು."

ತೋರಿಸಲು ಹುಡುಕಿದೆ. ಹಸಿರೇ ಹಸಿರು. ಕೊನೆಗೆ ಎರಡು ಗಿಡದ ತುದಿಯಲ್ಲಿ ಎಲೆ ಸ್ವಲ್ಪ ಮೇಲೆದ್ದದ್ದು ಕಂಡಿತು. "ಬಿಸ್ಲಿಗೆ ಹಂಗಾಗೈತೆ" ಅಂದಳು. ಒಂದು ಗಿಡಕ್ಕೆ ಕೈ ಹಾಕಿದೆ. ಅವಳು ನನ್ನ ರಟ್ಟೆ ಹಿಡಿದು ಬದುವಿನಾಚೆ ದಬ್ಬಿದಳು. "ನಿನ್ ಹೊಲ ಹಾಳಾಯ್ತು ಅಂತ ಹೊಟ್ಟೆಕಿಚ್ಚು ನಿಂಗೆ. ಕೊಟ್ಟ ಕೈಯಲ್ಲೇ ಕಿತ್ಕಂಡು ಹೋಗಕ್ಕೆ ಬಂದವ್ನೆ!" ದೃಷ್ಟಿ ಬಿತ್ತು ಅಂತ ನನ್ನ ಎದುರೇ ಉಪ್ಪು ನಿವಾಳಿಸಿದಳು. ಬದುವಿನಾಚೆ ಇನ್ನೊಬ್ಬರ ಟೊಮ್ಯಾಟೊ. ಅದರಾಚೆ ಇನ್ನೊಬ್ಬರದು. ಎಲ್ಲವೂ ಚೊಕ್ಕವಾಗಿದ್ದವು.

ಹೇಮಾವತಿಗೆ ಹೋಗಲು ಹೆದರಿದೆ. ನಿನ್ನೆ ಗೋವರ್ಧನನೇ ಇಲ್ಲಿಗೆ ಬಂದ. ಅವನ ಗಿಡಗಳಲ್ಲಿ ಅರ್ಧ ಕುಳ್ಳಗೆ ನಿಂತಿವೆಯಂತೆ, ಗೊಬ್ಬರ ಸಾಲಲಿಲ್ಲ ಅಂದ. ಉಳಿದವು ಎಷ್ಟು ಚೆಂದ ಅಂದರೆ, ನೋಡಿದ ಎಂಟು ಜನ ಅದೇ ಸಸಿ ಬೇಕು ಅಂತ ಹಟ ಹಿಡಿದಿದ್ದಾರಂತೆ. ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದ, ತೆಗೆದು ತೋರಿಸಿದ. ರಾಯದುರ್ಗಕ್ಕೆ ಜೀಪು ಮಾತಾಡಿಯಾಗಿತ್ತು. ರೋಗ ಅಂದೆ, ನಕ್ಕ. ಸಸಿ ಇಲ್ಲ, ಅವಳು ಎಲ್ಲ ಹೂಳಿಸಿದಳು ಅಂದೆ. "ಸೋಮವಾರ ಬೀಜ ಹಾಕವ್ಳಂತಲ್ಲ, ನಿಮ್ಮೋರೇ ಹೇಳುದ್ರು. ನೋಡ್ಕಂಡು, ಹೆಸ್ರು ಬರ್ಸಿ ಬತ್ತೀವಿ" ಅಂದ. ಅದನ್ನೂ ಊರಿಗೆಲ್ಲ ಹೇಳಿಕೊಂಡು ಬಂದವನು ನಾನೇ.

ಈಗ ಬಾಗಿಲು ಮುಚ್ಚಿಕೊಂಡು, ಈ ಪತ್ರವನ್ನು ನಿಮ್ಮಪ್ಪನಿಗೆ ಓದಿ ಹೇಳು. ಒಂದೂ ಹೋಗಿಲ್ಲ ಅಂದೆಯಲ್ಲ, ಆ ಮಾತು ಸುಳ್ಳು. ಸುಳ್ಳು ನಿನ್ನದಲ್ಲ. ಟ್ರೇಗೆ ತೊಂಬತ್ತೆಂಟರಂತೆ ನೂರ ತೊಂಬತ್ತಾರು ಹೋಗಿವೆ, ನಿನ್ನ ಹೆಸರಿನ ಚೀಟಿ ಸಮೇತ. ಭಾವ ಬಲೆ ಬಿಚ್ಚಿಸಿದರೆ ನಾನು ಎದುರಾಡುವ ಹಾಗಿಲ್ಲ. ಬಂದು ಕಾಲಿಗೆ ಬೀಳೋಣ ಅಂದರೆ ಬರುವ ಹಾಗೂ ಇಲ್ಲ.

ಗೋವರ್ಧನ ಮತ್ತು ಆ ಎಂಟು ಜನ ಇವತ್ತು ಬೆಳಗ್ಗೆ ತಮ್ಮ ಹೊಲಕ್ಕೆ ನೀರು ಕಟ್ಟಿ, ಹಾಗೇ ಜೀಪು ಹತ್ತಿದರು. ನಮ್ಮೂರ ದಾರಿಯಲ್ಲಿ ನಾನು ಅಡ್ಡ ನಿಂತೆ. "ನಿಮ್ ಹುಡ್ಗಿ ಹತ್ರಾನೇ ಹೋಗ್ತಿರೋದು, ನೀವೇ ಅಡ್ಡ ನಿಂತ್ರೆ ಹೆಂಗೆ?" ಅಂತ ಗೋವರ್ಧನ ಇಳಿದು ಬಂದು, ನನ್ನ ಎರಡು ಭುಜ ಹಿಡಿದು, ಮೆಲ್ಲಗೆ ರಸ್ತೆ ಪಕ್ಕಕ್ಕೆ ಸರಿಸಿದ. ಅವನ ಅಂಗಿಯ ಕಾಲರಿನ ಮೇಲೆ ಎರಡು ಬಿಳಿ ಚುಕ್ಕೆ ಇದ್ದವು. ಊದಿದೆ. ಎದ್ದು, ಒಂದು ಸುತ್ತು ಹಾಕಿ, ಮತ್ತೆ ಅಲ್ಲೇ ಕೂತವು. ಅವನು ಹತ್ತಿ ಕೂತ. ಜೀಪು ಹೊರಟಿತು.

ಸಣ್ಣಬಸಪ್ಪ